ಆ ಕಲ್ಲನ್ನು ನಿಂತಲ್ಲೇ ಬಿಡಿ: ಜಿಲ್ಲಾಧಿಕಾರಿಗಳಿಗೂ ಊರಿನವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಬಳ್ಳಾಪುರ ಜಿಲ್ಲೆ,
ಮಾನ್ಯ ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು
ಇವರ ಸನ್ನಿಧಿಗೆ,

ವಿಷಯ: ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರ ನಿಲುಗಲ್ಲನ್ನು ರಸ್ತೆ ಕಾಮಗಾರಿಗಾಗಿ ಕೀಳುವ ಮೊದಲು ಅಳತೆ ಮಾಡಿ ದಾಖಲಿಸುವ ಮತ್ತು ಇದ್ದಲ್ಲೇ ಉಳಿಸುವ ಬಗ್ಗೆ.

ಮಾನ್ಯರೇ,

ನಾನು ಈ ಸೀಮೆಯಲ್ಲಿ ಕೆಲಸ ಮಾಡುವ ಪರವಾನಗಿ ಪಡೆದ ಭೂಮಾಪಕ. ಪೋಡಿ, ಹದ್ದುಬಸ್ತು, 11ಇ ನಕ್ಷೆ ಎಂದು ಜಮೀನಿನ ಭಾಗ, ಗಡಿ ಅಳೆಯುತ್ತಾ ದಿನ ಬೆಳಗಾದರೆ ಯಾರದಾದರೂ ಹೊಲದ ಬದುವಿನ ಮೇಲೆ ನಿಂತಿರುತ್ತೇನೆ. ಹಾಗೆ ಅಳತೆಗೆ ಹೋಗಿ ಬರುತ್ತಾ ಪರಿಚಯವಾದ ಒಂದು ನಿಲುಗಲ್ಲಿನ ಬಗ್ಗೆ ಈ ಪತ್ರ. ಸರ್ವೆ ನಂಬರ್, ಅಕ್ಷಾಂಶ ರೇಖಾಂಶ, ಕೈನಕ್ಷೆ, ಫೋಟೊ ಎಲ್ಲವನ್ನೂ ಲಕೋಟೆಯಲ್ಲಿಟ್ಟು ತಮ್ಮ ಕಚೇರಿಗಳಿಗೆ ಪ್ರತ್ಯೇಕವಾಗಿ ಸಲ್ಲಿಸುತ್ತಿದ್ದೇನೆ. ಇಲ್ಲಿ ಮಾತ್ರ ಊರಿನ ಹೆಸರು ಬರೆಯುವುದಿಲ್ಲ. ಹಳೇ ಕಲ್ಲು ಎಂದು ಗೊತ್ತಾದ ಕಡೆಯೆಲ್ಲ ಅಮಾವಾಸ್ಯೆ ರಾತ್ರಿ ಗುದ್ದಲಿ ಹಾರೆ ಹಿಡಿದು ಬರುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಈ ಕಲ್ಲಿನ ಬುಡದಿಂದ ಮಾರು ದೂರದಲ್ಲಿ ಈಗಾಗಲೇ ಒಂದು ಗುಂಡಿ ಬಿದ್ದಿದೆ; ಅದರೊಳಗೆ ಹೋಳು ಮಾಡಿದ ನಿಂಬೆಹಣ್ಣು, ಕುಂಕುಮ, ಕೋಳಿಗರಿ ಸಿಕ್ಕಿದ್ದವು. ಬಹಿರಂಗ ಪತ್ರ ಬರೆದು ಅವರಿಗೆ ದಾರಿ ತೋರಿಸುವ ಕೆಲಸ ನನ್ನಿಂದ ಆಗಬಾರದು.

ಖಾಸಗಿ ಅರ್ಜಿಯಷ್ಟೇ ಸಾಕಾಗದೆ ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಆಚೆಗೆ ಮುಳಬಾಗಿಲು, ಮಾಲೂರು, ಇನ್ನೂ ಆಚೆಗೆ ಪಾವಗಡ, ಶಿರಾ ಸೀಮೆಯವರೆಗೂ ಊರ ಹೊರಗೆ ಬರಹವಿಲ್ಲದ, ಕೆತ್ತನೆಯಿಲ್ಲದ ಒಂಟಿ ಕಲ್ಲುಗಳನ್ನು ಕಂಡವರು ಬಹಳ ಜನ. ಅವಕ್ಕೆಲ್ಲ ಒಂದೇ ಗತಿ ಕಾದಿದೆ. ಇದನ್ನು ಓದುವವರ ಊರಲ್ಲೂ ಒಂದು ಇರಬಹುದು.

ಮೊದಲು ಕಲ್ಲನ್ನೇ ತೋರಿಸಿಬಿಡುತ್ತೇನೆ. ನೆಲದ ಮೇಲೆ 11 ಅಡಿ ಎತ್ತರ, ಬುಡದಲ್ಲಿ 4 ಅಡಿ ಅಗಲ, ಒಂದು ಅಡಿಗಿಂತ ತುಸು ಕಡಿಮೆ ದಪ್ಪ. ಹಲಗೆಯಂಥ ಕಲ್ಲು. ಮೇಲೆ ಹೋಗುತ್ತಾ ಕಿರಿದಾಗಿ ಒಂದು ಭುಜ ಜಾರಿದೆ. ಎರಡೂ ಮುಖ ಒರಟು. ಉಳಿಯ ಗುರುತಿಲ್ಲ, ಬೆಣೆ ಹೊಡೆದ ಗುಳಿಗಳ ಸಾಲಿಲ್ಲ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ನೆಡುವ ಕಲ್ಲುಕೂಚವನ್ನು ನೋಡಿದವರಿಗೆ ಗೊತ್ತಿರುತ್ತದೆ: ಅಂಚಿನಲ್ಲಿ ಅರ್ಧರ್ಧ ತೂತಿನ ಸಾಲು ಇದ್ದೇ ಇರುತ್ತದೆ. ಇದರಲ್ಲಿ ಅದಿಲ್ಲ. ಬಂಡೆಯ ಮೇಲ್ಪದರ ತಾನಾಗಿ ಹಪ್ಪಳ ಎದ್ದು ಬಿಡುವ ಜಾಗದಲ್ಲಿ, ಬಹುಶಃ ಬೆಂಕಿ ಹಾಕಿ ಕಾಯಿಸಿ, ಸನ್ನೆಗೋಲು ಕೊಟ್ಟು ಎಬ್ಬಿಸಿದ ಪದರ ಇದು ಎಂದು ಕಲ್ಲು ಒಡೆಯುವುದರಲ್ಲೇ ಬದುಕು ಕಳೆದ ಹಿರಿಯರೊಬ್ಬರು ಕೈಯಾಡಿಸಿ ನೋಡಿ ಹೇಳಿದರು. ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಬಡಗಣ ಅಂಚಿನಲ್ಲಿ ಬೂದು ಮತ್ತು ಕಿತ್ತಳೆ ಬಣ್ಣದ ಕಲ್ಲುಹೂವು ಅಂಗೈ ಅಗಲ ಬೆಳೆದಿದೆ. ಮೊಣಕಾಲಿನ ಮಟ್ಟಕ್ಕೆ ಕಲ್ಲು ನುಣುಪಾಗಿದೆ, ದನಗಳು ಮೈ ಉಜ್ಜಿ ಉಜ್ಜಿ ಆದ ನುಣುಪು.

ಗ್ರಾನೈಟು ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ನೆಲದ ಮೇಲೆ ಕಾಣುವ ಭಾಗವೇ ಮೂರು ಟನ್ ಆಸುಪಾಸು. ನೆಲದೊಳಗೆ ಇರುವುದು ಬೇರೆ. ಹೀಗೆ ಎಬ್ಬಿಸಬಹುದಾದ ಬಂಡೆ ಇರುವುದು ಹತ್ತಿರದ ಗುಡ್ಡದಲ್ಲಿ; ಅಲ್ಲಿಂದ ಇಲ್ಲಿಗೆ ನಡುವೆ ಒಂದು ಹಳ್ಳ. ಎತ್ತಿನ ಗಾಡಿ ಹೊರುವ ತೂಕವಲ್ಲ ಇದು. ನಾಗಾಲ್ಯಾಂಡಿನ ಅಂಗಾಮಿ ಜನ ಕವಲು ಮರದ ಜಾರುಬಂಡಿಗೆ ಕಲ್ಲು ಬಿಗಿದು, ಊರಿಗೆ ಊರೇ ಹಗ್ಗ ಹಿಡಿದು ಹಾಡುತ್ತಾ ಎಳೆಯುವ ಪದ್ಧತಿ ಇಟ್ಟುಕೊಂಡಿದ್ದಾರೆ. ಮೇಘಾಲಯದ ನಾರ್ತಿಯಾಂಗ್‌ನಲ್ಲಿ ಹಾಗೆ ನಿಲ್ಲಿಸಿದ ಕಲ್ಲುಗಳ ಕಾಡೇ ಇದೆ. ಅಲ್ಲಿಯವರು ಮಾಡುವುದನ್ನು ನೋಡಿದರೆ ನಮ್ಮ ಕಲ್ಲನ್ನೂ ರಾಕ್ಷಸರಾಗಲಿ ಅನ್ಯಗ್ರಹದವರಾಗಲಿ ತಂದು ನಿಲ್ಲಿಸಬೇಕಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಬೇಕಾಗಿದ್ದು ನೂರಾರು ಕೈ, ಗಟ್ಟಿ ಹಗ್ಗ, ಮತ್ತು ಅಷ್ಟೂ ಜನ ಒಪ್ಪಿ ಸೇರುವಂಥ ಒಂದು ಕಾರಣ. ನನ್ನನ್ನು ಕಾಡುವುದು ಆ ಕಾರಣ. ಅಷ್ಟು ಜನರಿಗೆ ಅಷ್ಟು ದಿನ ಊಟ ಹಾಕಿ ಈ ಕಲ್ಲನ್ನು ಇದೇ ಜಾಗಕ್ಕೆ ತರಬೇಕೆಂದು ಅವರಿಗೆ ಯಾಕೆ ಅನ್ನಿಸಿತು? ಗುಡ್ಡದ ಬುಡದಲ್ಲೇ ನಿಲ್ಲಿಸಿ ಬಿಡಬಹುದಿತ್ತಲ್ಲ?

ಊರಿನವರಿಗೆ ಇದು ಮುನಿಯಪ್ಪ. ಪಕ್ಕದ ಹೊಲದ ಅಜ್ಜಿಯನ್ನು ಕೇಳಿದೆ. "ನಮ್ಮತ್ತೆ ಕಾಲಕ್ಕೂ ಹಿಂಗೇ ಇತ್ತಪ್ಪ. ಹಸು ಕರು ಹಾಕಿದ್ರೆ ಮೊದ್ಲು ಹಾಲು ಮುನಿಯಪ್ಪನಿಗೆ. ಆಮೇಲೇ ಡೈರಿಗೆ," ಎಂದರು. ಇನ್ನೊಬ್ಬರ ಪ್ರಕಾರ ಇದು ಭೀಮ ನೆಟ್ಟ ಗೂಟ. ಕೈವಾರವೇ ಏಕಚಕ್ರಪುರ, ಅಲ್ಲಿನ ಬೆಟ್ಟದಲ್ಲೇ ಭೀಮ ಬಕಾಸುರನನ್ನು ಕೊಂದದ್ದು ಎಂಬ ಕಥೆ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಬಕನಿಗೆ ಅನ್ನದ ಬಂಡಿ ಹೊಡೆದುಕೊಂಡು ಹೋಗುವಾಗ ಭೀಮ ದಾರಿಯಲ್ಲಿ ಎತ್ತು ಬಿಚ್ಚಿ ಕಟ್ಟಿದ್ದು ಇದಕ್ಕೇ ಅಂತೆ. ವರ್ಷಕ್ಕೊಂದು ರಾಗಿಕಾಳಿನಷ್ಟು ಬೆಳೆಯುತ್ತದೆ ಎನ್ನುವವರೂ ಇದ್ದಾರೆ. ಈ ಮಾತುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನು ಇಲ್ಲ. ಕಲ್ಲು ಇಷ್ಟು ಕಾಲ ಉಳಿದದ್ದೇ ಈ ಮಾತುಗಳಿಂದ. ತೆಲಂಗಾಣದ ಮುಡುಮಾಲ್‌ನಲ್ಲಿ, ಕೃಷ್ಣಾ ನದಿಯ ದಂಡೆಯ ಹತ್ತಿರ, ಆಳೆತ್ತರ ಮೀರಿದ ನಿಲುಗಲ್ಲುಗಳಿವೆ. ಅಲ್ಲಿಯೂ ಒಂದನ್ನು ಎಲ್ಲಮ್ಮನೆಂದು ಪೂಜಿಸುತ್ತಾರೆ. 2025ರಲ್ಲಿ ಆ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಪೂಜೆಗೂ ಪುರಾತತ್ವಕ್ಕೂ ಜಗಳವಿಲ್ಲ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಬ್ರಿಟಿಷರ ಕಾಲದ ಸರ್ವೆ ಕಲ್ಲು ಎಂದು ಕಾಮಗಾರಿಯ ಜಾಗದಲ್ಲಿ ಒಬ್ಬರು ವಾದಿಸಿದರು. ಅದಕ್ಕೆ ನನ್ನ ವೃತ್ತಿಯೇ ಉತ್ತರ ಕೊಡಬಲ್ಲದು. ಬಾಂದು ಕಲ್ಲು, ಅಂದರೆ ಸರ್ವೆಯ ಗಡಿಕಲ್ಲು, ಮೊಣಕಾಲು ದಾಟುವುದಿಲ್ಲ, ಅದು ಇರುವುದು ಹೊಲದ ಮೂಲೆಯಲ್ಲಿ, ಸರ್ವೆ ದಾಖಲೆಯಾದ ಟಿಪ್ಪಣಿಯಲ್ಲಿ ಅದಕ್ಕೆ ಅಳತೆ ಇರುತ್ತದೆ. ಈ ಕಲ್ಲು ಯಾವ ಮೂಲೆಗೂ ಕೂರುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ 33 ಅಡಿಯ ಸರಪಳಿ ಹಿಡಿದು ಅಳೆದವರು ಇದನ್ನು ಸುತ್ತು ಹಾಕಿ ಮುಂದೆ ಹೋಗಿದ್ದಾರೆ. ವೀರಗಲ್ಲಾಗಿದ್ದರೆ ಬಿಲ್ಲು ಹಿಡಿದ ಆಳು, ತುರು, ಅಪ್ಸರೆಯರು ಇರಬೇಕಿತ್ತು. ಮಾಸ್ತಿಗಲ್ಲಾಗಿದ್ದರೆ ಬಳೆ ತೊಟ್ಟ ಕೈ. ದಾನದ ಗಡಿಗಲ್ಲಾಗಿದ್ದರೆ ಲಿಂಗಮುದ್ರೆಯೋ ವಾಮನಮುದ್ರೆಯೋ. ದನಕ್ಕೆ ರೋಗ ಬಂದಾಗ ಹಾಯಿಸುವ ಯಂತ್ರಗಲ್ಲಾಗಿದ್ದರೆ ಮನೆ ಹಾಕಿ ಬರೆದ ಅಂಕಿಗಳು. ಯಾವುದೂ ಇಲ್ಲ. ಊರು ಕಟ್ಟುವಾಗ ನೆಡುವ ಕರುಗಲ್ಲು ಎನ್ನೋಣವೆಂದರೆ ಅದು ಊರ ನಡುವೆ ಇರುವಂಥದ್ದು, ಇಷ್ಟು ದೊಡ್ಡದೂ ಅಲ್ಲ.

ಉಳಿಯುವುದು ಒಂದೇ ಸಾಧ್ಯತೆ: ಕಬ್ಬಿಣ ಹೊಸದಾಗಿ ಬಳಕೆಗೆ ಬಂದ ಕಾಲದ ಜನ ನೆಟ್ಟ ಬೃಹತ್ ಶಿಲೆ. ದಕ್ಷಿಣ ಭಾರತದಲ್ಲಿ ಆ ಸಂಸ್ಕೃತಿ ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಹಬ್ಬಿದೆ. ನಮ್ಮ ಸೀಮೆ ಅದಕ್ಕೆ ಹೊರತಲ್ಲ. 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರೂ ಅವರ ನಂತರ ಬೃಹತ್ ಶಿಲಾಯುಗದ ಜನರೂ ಅಲ್ಲಿ ಬಾಳಿದ ಕುರುಹು ಸಿಕ್ಕಿತು. ಪಕ್ಕದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1950ರ ದಶಕದಲ್ಲೇ ಇಂಥ ಸಮಾಧಿಗಳನ್ನು ಅಗೆದು ನೋಡಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಮಾಡಿದ ಕೆಲಸದಿಂದಲೇ ಇವರ ಕಾಲ ಯಾವುದರ ಹಿಂದೆ, ಯಾವುದರ ಮುಂದೆ ಎಂಬುದು ಒಂದು ಹದಕ್ಕೆ ಬಂತು. ಕಲ್ಲಿನ ವೃತ್ತ, ಚಪ್ಪಡಿ ಜೋಡಿಸಿದ ಪೆಟ್ಟಿಗೆ, ಅದರೊಳಗೆ ಕಪ್ಪು–ಕೆಂಪು ಮಡಕೆ, ಕಬ್ಬಿಣದ ಉಳಿ, ಬಾಣದ ಮೊನೆ, ಆಯ್ದು ಇಟ್ಟ ಮೂಳೆ. ಸಮಾಧಿಗಳ ಮಟ್ಟಿಗೆ ಚಿತ್ರ ತಕ್ಕಮಟ್ಟಿಗೆ ಸ್ಪಷ್ಟ.

ನಿಲುಗಲ್ಲಿನ ವಿಷಯ ಹಾಗಿಲ್ಲ. ಎಷ್ಟೋ ನಿಲುಗಲ್ಲುಗಳ ಕೆಳಗೆ ಸಮಾಧಿಯೇ ಇರುವುದಿಲ್ಲ. ಸತ್ತವರ ನೆನಪಿಗೋ, ಸಮಾಧಿಗಳ ಬಯಲಿಗೆ ಎಲ್ಲೆಯಾಗಿಯೋ, ದಾರಿಗೆ ಗುರುತಾಗಿಯೋ, ಆಕಾಶ ನೋಡಲೋ? ಒಂದೊಂದು ತಾಣ ಒಂದೊಂದು ಉತ್ತರದ ಕಡೆ ಬೆರಳು ಮಾಡುತ್ತದೆ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಚೌಕಳಿ ಲೆಕ್ಕದಲ್ಲಿ ಸಾಲುಸಾಲಾಗಿ ಇಟ್ಟಿದ್ದಾರೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಅದರ ಬಗ್ಗೆ ಬರೆದರು. ಅದರ ಉದ್ದೇಶದ ಚರ್ಚೆ ಇವತ್ತಿಗೂ ಮುಗಿದಿಲ್ಲ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಿಲಸ್‌ಕಲ್, ಬೈಸೆ ಮೊದಲಾದ ಊರುಗಳಲ್ಲಿ ಹಲಗೆಯಂಥ ಎತ್ತರದ ಕಲ್ಲುಗಳು ಉತ್ತರ–ದಕ್ಷಿಣಕ್ಕೆ ಉದ್ದನೆಯ ಬದಿ ಮಾಡಿ ನಿಂತಿವೆ. ಅಲ್ಲಿ ಸಂಶೋಧಕರಾದ ಶ್ರೀಕುಮಾರ್ ಮೆನನ್ ಮತ್ತು ಮಯಾಂಕ್ ವಾಹಿಯಾ ಅವರ ತಂಡ ಒಂದೊಂದು ಕಲ್ಲನ್ನೂ ನಕ್ಷೆಗಿಳಿಸಿತು. ಒಂದು ಕಲ್ಲಿನ ಹಿಂದೆ ನಿಂತು ಇನ್ನೊಂದರ ಕಡೆ ನೋಡಿದರೆ ಸೂರ್ಯನ ಉತ್ತರ ಮತ್ತು ದಕ್ಷಿಣದ ಕೊನೆಯ ಹುಟ್ಟು–ಮುಳುಗುಗಳಿಗೆ ಗುರಿ ಸಿಗುವಂಥ ಜೋಡಿಗಳು ಅಲ್ಲಿವೆ ಎಂದು ಆ ತಂಡ ತೋರಿಸಿತು. ನನ್ನಂಥ ಅಳತೆಗಾರನಿಗೆ ಮೈ ಜುಮ್ಮೆನ್ನಿಸಿದ ಸಂಗತಿ ಅದು. ಅಲ್ಲಿ ಉತ್ತರ ಸಿಕ್ಕಿದ್ದು ಅಗೆದು ಅಲ್ಲ, ಕಲ್ಲುಗಳು ನಿಂತ ಜಾಗವನ್ನು ಸರಿಯಾಗಿ ಅಳೆದು.

ಆದ್ದರಿಂದಲೇ ನಮ್ಮ ಕಲ್ಲಿಗೂ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ಇಟ್ಟು ನೋಡಿದೆ. ಉದ್ದನೆಯ ಬದಿ ನಿಜ ಉತ್ತರದಿಂದ ಹೆಚ್ಚೆಂದರೆ ಎರಡು ಡಿಗ್ರಿ ಆಚೀಚೆ ಇದೆ. ಎರಡು ಮುಖಗಳಲ್ಲಿ ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಜೂನ್ ಕೊನೆಗೆ ಸೂರ್ಯ ಮೂಡಣದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿದು ಹುಟ್ಟುತ್ತಾನೆ, ಡಿಸೆಂಬರ್ ಕೊನೆಗೆ ದಕ್ಷಿಣಕ್ಕೆ ಅಷ್ಟೇ. ಆ ದಿಕ್ಕುಗಳಲ್ಲಿ ಜೊತೆ ಕಲ್ಲಿತ್ತೇ ಎಂಬುದು ಗೊತ್ತಾಗದೆ ಒಂಟಿ ಕಲ್ಲಿನಿಂದ ಏನನ್ನೂ ಸಾಧಿಸಲಾಗದು. ಒಂದು ಕಲ್ಲು ಉತ್ತರಕ್ಕೆ ತಿರುಗಿರುವುದು ಆಕಸ್ಮಿಕವೂ ಇರಬಹುದು. ಈ ಕಲ್ಲು ಪಂಚಾಂಗ ಎಂದು ಯಾರಾದರೂ ನಾಳೆ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರೆ ಅದು ನನ್ನ ಮಾತಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಆದರೆ ಇದು ಒಂಟಿ ಕಲ್ಲು ಹೌದೇ? ಈ ಪತ್ರದ ತಿರುಳು ಇಲ್ಲಿದೆ, ದಯವಿಟ್ಟು ಗಮನವಿಟ್ಟು ಓದಬೇಕು.

ಕಲ್ಲಿನಿಂದ ಸ್ವಲ್ಪವೇ ದೂರದಲ್ಲಿ ಕೆರೆಗೆ ನೀರು ಹೋಗುವ ಕಾಲುವೆ ಇದೆ. ಹೊಲಕ್ಕೆ ದಾಟಲು ಅದರ ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿದ್ದಾರೆ. ಟೊಮೆಟೊ ಕ್ರೇಟು ಹೊತ್ತವರು, ಹಿಪ್ಪುನೇರಳೆ ಸೊಪ್ಪು ಹೊತ್ತವರು ದಿನಾ ತುಳಿದು ಹೋಗುವ ಚಪ್ಪಡಿ. ಅದರ ದಪ್ಪ ನಿಲುಗಲ್ಲಿನ ದಪ್ಪವೇ. ಅದರಲ್ಲೂ ಉಳಿ ಬೆಣೆಯ ಗುರುತಿಲ್ಲ. ಒಂದು ತುದಿಯಿಂದ ಸುಮಾರು ಮೂರು ಅಡಿಯವರೆಗೆ ಕಲ್ಲಿನ ಮೈ ಬೇರೆ: ಕೆಮ್ಮಣ್ಣಿನ ಕಲೆ ಹಿಡಿದು ಒರಟಾಗಿದೆ, ಅಲ್ಲಿ ಕಲ್ಲುಹೂವು ಒಂದು ಚುಕ್ಕೆಯೂ ಇಲ್ಲ. ಆ ಗೆರೆಯಿಂದ ಆಚೆಗೆ ಕಲ್ಲು ಕಪ್ಪಾಗಿ, ಗಾಳಿ ಮಳೆಗೆ ಸವೆದು, ಬದಿಯಲ್ಲಿ ಕಲ್ಲುಹೂವು ಒಣಗಿದ ಮಚ್ಚೆಗಳಿವೆ. ಬಹುಕಾಲ ಮೂರು ಅಡಿ ನೆಲದೊಳಗೂ ಉಳಿದದ್ದು ಹೊರಗೂ ಇದ್ದ ಕಲ್ಲಿಗೆ ಮಾತ್ರ ಇಂಥ ಗೆರೆ ಬೀಳುತ್ತದೆ. ಕೆರೆಯ ತೂಬಿನ ಬಳಿ ಇನ್ನೊಂದು ಚಪ್ಪಡಿ ಇದೆ, ಅದು ಮುರಿದಿದೆ, ಅದರ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ.

ಮೂರು ಟನ್ ಕಲ್ಲನ್ನು ಕಾಲುವೆಗೆ ಅಡ್ಡ ಹಾಕಲು ಯಾರೂ ದೂರದಿಂದ ಎಳೆದು ತರುವುದಿಲ್ಲ. ಪಕ್ಕದಲ್ಲಿ ಬಿದ್ದದ್ದನ್ನು ಉರುಳಿಸಿಕೊಂಡು ಬರುತ್ತಾರೆ. ಹಾಗಿದ್ದರೆ ಅದು ನಿಂತಿದ್ದ ಕುಳಿ ಎಲ್ಲಿ? ಹೊಲದ ಯಜಮಾನರನ್ನು ಕೇಳಿದಾಗ ಅವರು ಮಾತಿನ ಮಧ್ಯೆ ಹೇಳಿದರು: ನಿಲುಗಲ್ಲಿನಿಂದ ನೇರ ತೆಂಕಣಕ್ಕೆ, ರಸ್ತೆಗೆ ಅಂಟಿಕೊಂಡು, ಒಂದು ಜಾಗದಲ್ಲಿ ಟ್ರ್ಯಾಕ್ಟರ್ ಕಲ್ಟಿವೇಟರಿಗೆ ಯಾವಾಗಲೂ ಗುಂಡುಕಲ್ಲು ಸಿಗುತ್ತದೆ, ಎಷ್ಟು ಆಯ್ದರೂ ಮುಗಿಯುವುದಿಲ್ಲ. ಅವರ ಜೊತೆ ಹೋಗಿ ಗೂಟ ಹೊಡೆದು ಅಳತೆ ತೆಗೆದೆ. ಆ ಜಾಗ ನಿಲುಗಲ್ಲಿನ ಉದ್ದನೆಯ ಬದಿಯ ಗೆರೆಯ ಮೇಲೇ ಬೀಳುತ್ತದೆ. ನಿಲುಗಲ್ಲು ನೆಡುವವರು ಕುಳಿಯಲ್ಲಿ ಕಲ್ಲನ್ನು ಇಳಿಸಿ ಸುತ್ತ ಗುಂಡುಕಲ್ಲು ಜಡಿದು ಬಿಗಿ ಮಾಡುತ್ತಾರೆ. ಕಲ್ಲು ಬಿದ್ದರೂ ಜಡಿದ ಗುಂಡುಗಳು ನೆಲದೊಳಗೆ ಉಳಿಯುತ್ತವೆ.

ಅಂದರೆ ನಮ್ಮ ಮುಂದೆ ಇರುವುದು ಉತ್ತರ–ದಕ್ಷಿಣದ ಒಂದು ಸಾಲಿನಲ್ಲಿ ನಿಂತು ಉಳಿದ ಕೊನೆಯ ಕಲ್ಲು ಇರಬಹುದು. ಉಳಿದವುಗಳ ಕುಳಿ ಇರುವುದು, ಇದ್ದರೆ, ರಸ್ತೆಯ ಅಂಚಿನ ಪಟ್ಟಿಯಲ್ಲಿ. ರಸ್ತೆಯೂ ಅಲ್ಲಿ ಉತ್ತರ–ದಕ್ಷಿಣವಾಗಿಯೇ ಓಡುತ್ತದೆ. ಈಗ 3.75 ಮೀಟರ್ ಇರುವ ಡಾಂಬರನ್ನು 5.5 ಮೀಟರಿಗೆ ಅಗಲ ಮಾಡಲು ಜೆಸಿಬಿ ಕೆರೆದು ಹಾಕಲಿರುವುದು ಆ ಪಟ್ಟಿಯನ್ನೇ. ಕಲ್ಲಿನ ಮೇಲೆ ಈಗಾಗಲೇ ಕೆಂಪು ಬಣ್ಣದ ಗುರುತು ಬಿದ್ದಿದೆ, ಒಂದು ಪಕ್ಕದ ಮಣ್ಣನ್ನು ಬಕೆಟ್‌ನಿಂದ ತರಚಿ ಆಗಿದೆ.

ರಸ್ತೆ ಬೇಡ ಎನ್ನುವ ಮನುಷ್ಯ ನಾನಲ್ಲ. ಶಾಲೆ ಬಸ್ಸಿಗೂ ಹಾಲಿನ ಲಾರಿಗೂ ಎದುರುಬದುರು ಬಂದರೆ ಒಂದು ಗದ್ದೆಗಿಳಿಯಬೇಕಾದ ರಸ್ತೆ ಅದು. ಅಗಲ ಆಗಲೇಬೇಕು. ಆಚೆ ಬದಿಯಲ್ಲಿ ಆ ಉದ್ದಕ್ಕೂ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ ಇದೆ. ಗೆರೆಯನ್ನು ಆ ಕಡೆ ಸರಿಸಿದರೆ ಖಾಸಗಿ ಜಮೀನು ಒಂದು ಅಂಗುಲವೂ ಹೋಗುವುದಿಲ್ಲ. ತಿರುವಿನ ಲೆಕ್ಕ ಹಾಕಿ ನಕ್ಷೆ ಲಗತ್ತಿಸಿದ್ದೇನೆ. ಯಾವ ಎಂಜಿನಿಯರ್ ಬೇಕಾದರೂ ಪರಿಶೀಲಿಸಬಹುದು.

ನನಗೆ ಹೆಚ್ಚು ದಿಗಿಲು ಹುಟ್ಟಿಸಿರುವುದು ಕಲ್ಲನ್ನು ಒಡೆದು ಹಾಕೋಣ ಎನ್ನುವವರಲ್ಲ, ಅಂಥವರು ಕಡಿಮೆ. ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಸಲಹೆ ಬಂದಿದೆ: ಕ್ರೇನ್ ತರಿಸಿ ಜೋಪಾನವಾಗಿ ಎತ್ತಿ, ದೇವಸ್ಥಾನದ ಮುಂದೆ ಪಾಲಿಶ್ ಗ್ರಾನೈಟಿನ ಕಟ್ಟೆ ಕಟ್ಟಿ ನಿಲ್ಲಿಸೋಣ, ಲೈಟು ಹಾಕಿಸೋಣ, ಇಲ್ಲವೇ ತಾಲ್ಲೂಕು ಕೇಂದ್ರದ ಪಾರ್ಕಿಗೆ ಕೊಡೋಣ. ಈ ಸಲಹೆ ಕೊಟ್ಟವರ ಕಾಳಜಿಗೆ ಕೈ ಮುಗಿಯುತ್ತೇನೆ, ಸಲಹೆಯನ್ನು ಮಾತ್ರ ಒಪ್ಪಲಾರೆ.

ಬರಹವಿರುವ ಕಲ್ಲಿನ ಮಾತು ಬೇರೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ಅದಕ್ಕೆ ಮಂಟಪ ಕಟ್ಟಿ ನಿಲ್ಲಿಸಿದ ಮೇಲೂ ಅದರ ಅಕ್ಷರ ಹೇಳುವುದನ್ನು ಹೇಳುತ್ತಲೇ ಇದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಸಂಗ್ರಹದ ತುಮಕೂರು ಸಂಪುಟವನ್ನು 1904ರಲ್ಲೂ ಕೋಲಾರ ಸಂಪುಟವನ್ನು 1905ರಲ್ಲೂ ಹೊರತಂದರು. ಆಗ ನಮ್ಮ ಚಿಂತಾಮಣಿಯೂ ಕೋಲಾರಕ್ಕೇ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆ ಸಂಪುಟಗಳ ದಯೆಯಿಂದ, ಕಣ್ಮರೆಯಾದ ಶಾಸನಗಳನ್ನೂ ಇವತ್ತು ಓದಬಹುದು. ಅಕ್ಷರವಿಲ್ಲದ ಕಲ್ಲಿಗೆ ಅಂಥ ಸಂಪುಟ ಇಲ್ಲ. ಅದು ನಿಂತ ಜಾಗ, ತಿರುಗಿದ ದಿಕ್ಕು, ಪಕ್ಕದ ಕುಳಿಗೂ ಗುಡ್ಡಕ್ಕೂ ಇರುವ ದೂರ, ಬುಡದ ಮಣ್ಣು ಇಷ್ಟೇ ಅದರ ಬರಹ. ಕ್ರೇನು ಎತ್ತಿದ ಗಳಿಗೆಗೆ ಅಷ್ಟೂ ಅಳಿಸಿಹೋಗುತ್ತದೆ. ಪಾರ್ಕಿನಲ್ಲಿ ನಿಲ್ಲುವುದು ಮೂರು ಟನ್ ಗ್ರಾನೈಟು, ಅಷ್ಟೇ.

ಬುಡದ ಮಣ್ಣಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಕಲ್ಲಿನ ವಯಸ್ಸು ಪರೀಕ್ಷಿಸಿದರೆ ಸಿಗುವುದು ಬಂಡೆಯ ವಯಸ್ಸು, ಅದು ಕೋಟ್ಯಂತರ ವರ್ಷ. ನಮಗೆ ಬೇಕಾದದ್ದು ಅದನ್ನು ನೆಟ್ಟ ಕಾಲ. ಅದನ್ನು ಹೇಳಬಲ್ಲದ್ದು ಕುಳಿಯೊಳಗಿನ ಮರಳಿನ ಕಣ. ನೆಲದೊಳಗೆ ಹೂತ ಸ್ಫಟಿಕದ ಕಣಗಳು ಸುತ್ತಲಿನ ಮಣ್ಣಿನ ಸಹಜ ವಿಕಿರಣವನ್ನು ವರ್ಷ ವರ್ಷ ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಬಿಸಿಲು ತಾಗಿದರೆ ಆ ಕೂಡಿಕೆ ಖಾಲಿಯಾಗಿ ಲೆಕ್ಕ ಸೊನ್ನೆಗೆ ಬರುತ್ತದೆ. ಆದ್ದರಿಂದ ಬೆಳಕು ತೂರದ ಉಕ್ಕಿನ ಕೊಳವೆ ಬಡಿದು ಮಣ್ಣು ತೆಗೆದು, ಕತ್ತಲ ಕೋಣೆಯಲ್ಲಿ ಅಳೆದರೆ, ಆ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ, ಅಂದರೆ ಕುಳಿ ಮುಚ್ಚಿದ್ದು ಯಾವಾಗ ಎಂದು ಲೆಕ್ಕ ಹಾಕಬಹುದು. ಕುಳಿಯಲ್ಲಿ ಒಂದು ಚೂರು ಇದ್ದಿಲು ಸಿಕ್ಕಿದರೂ ಇಂಗಾಲದ ಕಾಲಗಣನೆ ಆಗುತ್ತದೆ. ನಿಧಿಗಳ್ಳನ ಗುದ್ದಲಿ, ಜೆಸಿಬಿಯ ಬಕೆಟ್, ಕಟ್ಟೆಯ ಪಾಯ, ಈ ಮೂರೂ ಮಾಡುವ ಹಾನಿ ಒಂದೇ: ಆ ಮಣ್ಣಿಗೆ ಬಿಸಿಲು ತೋರಿಸುವುದು. ಒಮ್ಮೆ ತೋರಿಸಿದ ಮೇಲೆ ಎಷ್ಟು ದುಡ್ಡು ಸುರಿದರೂ ಆ ಲೆಕ್ಕ ವಾಪಸ್ ಬರುವುದಿಲ್ಲ.

ಕಾನೂನು ನಮ್ಮ ಕಡೆ ಇದೆ. 1958ರ ಕೇಂದ್ರ ಕಾಯ್ದೆ ಪುರಾತನ ಸ್ಮಾರಕದ ವ್ಯಾಖ್ಯೆಯಲ್ಲೇ ಏಕಶಿಲೆಯನ್ನೂ ಸಮಾಧಿ ತಾಣವನ್ನೂ ಸೇರಿಸಿದೆ, ನೂರು ವರ್ಷಕ್ಕೆ ಕಡಿಮೆ ಇರಬಾರದು ಎಂದೂ ಹೇಳಿದೆ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಆದರೆ ಊರಿನವರ ಭಯವನ್ನೂ ತಮ್ಮ ಮುಂದೆ ಇಡಬೇಕು. "ಬೋರ್ಡು ಬಿದ್ರೆ ಮನೆ ಕಟ್ಟಂಗಿಲ್ಲ, ಬೋರ್‌ವೆಲ್ ಹೊಡೆಸಂಗಿಲ್ಲ" ಎಂಬ ಮಾತು ಆಗಲೇ ಓಡಾಡುತ್ತಿದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಎಂಬ 2010ರ ತಿದ್ದುಪಡಿಯನ್ನು ಯಾರೋ ಓದಿ ಹೇಳಿದ್ದಾರೆ. ಎರಡು ಎಕರೆ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಅವರ ಆತಂಕ ನಿವಾರಣೆಯಾಗದೆ ಕಲ್ಲು ಉಳಿಯುವುದಿಲ್ಲ. ಹೆದರಿದವನು ರಾತ್ರೋರಾತ್ರಿ ಉರುಳಿಸಿಬಿಟ್ಟರೆ ಯಾವ ಕಾಯ್ದೆ ಏನು ಮಾಡೀತು?

ಅದಕ್ಕೇ ನನ್ನ ಕೋರಿಕೆ ಸಣ್ಣದು. ಈ ಹೊತ್ತಿಗೆ ಅಧಿಸೂಚನೆ ಬೇಡ, ಬೇಲಿ ಬೇಡ, ನೀಲಿ ಬೋರ್ಡು ಬೇಡ. ಕಲ್ಲಿನ ಆಸುಪಾಸಿನ ಇನ್ನೂರು ಮೀಟರ್ ರಸ್ತೆಯಲ್ಲಿ ಮಾತ್ರ ಕೆಲಸ ನಿಲ್ಲಿಸಿ, ಉಳಿದ ರಸ್ತೆ ಆಗುತ್ತಿರಲಿ. ಪುರಾತತ್ವ ಇಲಾಖೆಯಿಂದ ಒಬ್ಬರು ಬಂದು ಕಲ್ಲು, ಕಾಲುವೆಯ ಚಪ್ಪಡಿ, ಗುಂಡುಕಲ್ಲಿನ ಜಾಗ ಮೂರನ್ನೂ ನೋಡಲಿ. ನೆಲ ಅಗೆಯದೆ ಒಳಗಿರುವುದನ್ನು ತೋರಿಸುವ ರಾಡಾರ್ ಯಂತ್ರವಿದೆ. ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗದವರ ನೆರವು ಕೇಳಿ ಆ ಪಟ್ಟಿಯ ಮೇಲೆ ಅದನ್ನು ಓಡಿಸಲಿ. ಕಲ್ಲನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಲಿ. ಬೆಂಗಳೂರಿನ ಸುತ್ತಲಿನ ಶಾಸನಗಳಿಗೆ ಅಲ್ಲಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಆ ಕೆಲಸ ಮಾಡಿ ದಾರಿ ತೋರಿಸಿದ್ದಾರೆ, ಅಕ್ಷರವಿಲ್ಲದ ಕಲ್ಲಿಗೂ ಅದೇ ಯಂತ್ರ ಸಾಕು. ನನ್ನ ಉಪಕರಣ, ನನ್ನ ಕೆಲಸ ಉಚಿತ.

ಇನ್ನೊಂದು ಕೋರಿಕೆ ಇಡೀ ಜಿಲ್ಲೆಗೆ ಸಂಬಂಧಿಸಿದ್ದು. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದರೆ ನಾನು ನಿಂತ ಜಾಗದ ಸರ್ವೆ ನಂಬರ್ ತಕ್ಷಣ ಸಿಗುತ್ತದೆ. ಕೆರೆ ಸಿಗುತ್ತದೆ, ಹಳ್ಳ ಸಿಗುತ್ತದೆ, ಬಂಡಿದಾರಿ ಸಿಗುತ್ತದೆ. ಕಲ್ಲು ಸಿಗುವುದಿಲ್ಲ. ಹೀಗಾಗಿ ರಸ್ತೆಗೋ ಕ್ವಾರಿಗೋ ಲೇಔಟಿಗೋ ಕಡತ ಓಡಾಡುವಾಗ ಯಾವ ಮೇಜಿನ ಮೇಲೂ ಆ ಕಲ್ಲು ಕಾಣಿಸಿಕೊಳ್ಳುವುದಿಲ್ಲ. ಬಂಡೆಯನ್ನೇ ಕರಗಿಸಿ ಜಲ್ಲಿ ಮಾಡುವ ಜಿಲ್ಲೆ ನಮ್ಮದು, ಇಲ್ಲಿ ಈ ಕೊರತೆ ದುಬಾರಿ. ಗ್ರಾಮ ಆಡಳಿತ ಅಧಿಕಾರಿಗಳಿಗೂ (ಹಿಂದಿನ ಗ್ರಾಮ ಲೆಕ್ಕಿಗರು) ಸರ್ವೆಯರಿಗೂ ಒಂದು ಸುತ್ತೋಲೆ ಹೋದರೆ ಸಾಕು: ನಿಮ್ಮ ವೃತ್ತದಲ್ಲಿ ನಿಲುಗಲ್ಲು, ಕಲ್ಲುವೃತ್ತ, ಪಾಂಡವರ ಗುಡಿ ಎಂದು ಜನ ಕರೆಯುವ ಕಲ್ಗೋರಿ ಇದ್ದರೆ ಅಕ್ಷಾಂಶ ರೇಖಾಂಶ, ಒಂದು ಫೋಟೊ ಕಳಿಸಿ. ಆ ಪಟ್ಟಿ ಕಚೇರಿಯೊಳಗೇ ಇರಲಿ, ಜಾಲತಾಣಕ್ಕೆ ಹಾಕಬಾರದು. ಕಾಮಗಾರಿ ಮಂಜೂರು ಮಾಡುವವರು, ಕ್ವಾರಿ ಗುತ್ತಿಗೆ ಕೊಡುವವರು ಸಹಿಗೆ ಮೊದಲು ಅದನ್ನೊಮ್ಮೆ ನೋಡುವಂತಾಗಲಿ.

ಕೊನೆಯದಾಗಿ ಊರಿನ ಹಿರಿಯರಿಗೆ, ಅಕ್ಕಂದಿರಿಗೆ, ತಮ್ಮಂದಿರಿಗೆ ಎರಡು ಮಾತು. ಮುನಿಯಪ್ಪನ ಪೂಜೆ ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಾನು ನಿಮ್ಮ ಜೊತೆ ನಿಲ್ಲುತ್ತೇನೆ. ಹಾಲು ಎರೆಯಿರಿ, ಅರಿಶಿನ ಕುಂಕುಮ ಇಡಿ, ಹೂ ಹಾಕಿ. ಎನಾಮೆಲ್ ಪೇಂಟು ಬೇಡ. ಅದು ಕಲ್ಲುಹೂವನ್ನೂ ಕಲ್ಲಿನ ಮೈಯನ್ನೂ ಮುಚ್ಚಿಬಿಡುತ್ತದೆ. ಕರ್ಪೂರವನ್ನು ಕಲ್ಲಿಗೆ ತಾಗಿಸದೆ ಮುಂದೆ ಒಂದು ತಟ್ಟೆಯಲ್ಲಿ ಹಚ್ಚಿ, ಕಾದ ಕಲ್ಲು ಪದರ ಬಿಡುತ್ತದೆ. ಸುತ್ತ ಸಿಮೆಂಟ್ ಕಟ್ಟೆ ಕಟ್ಟಲು ಪಾಯ ತೋಡಬೇಡಿ. ಕಾಲುವೆಯ ಚಪ್ಪಡಿ ಅಲ್ಲೇ ಇರಲಿ. ಅದನ್ನು ತುಳಿದು ಓಡಾಡುವುದರಿಂದ ಅದಕ್ಕೆ ಏನೂ ಆಗುವುದಿಲ್ಲ, ಒಡೆದು ಜಲ್ಲಿ ಮಾಡಿದರೆ ಆಗುತ್ತದೆ. ಗುಂಡಿ ತೋಡಿದವರು ಮತ್ತೆ ಬಂದರೆ, ಇದರ ಕೆಳಗೆ ಕೊಪ್ಪರಿಗೆ ಇಲ್ಲ, ಇದ್ದರೆ ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ ಎಂದು ಹೇಳಿ, ಹೇಳಿದ ಮೇಲೆ ಪೊಲೀಸರಿಗೆ ಫೋನ್ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ಗೆರೆಯನ್ನು ಆಚೆ ಬದಿಗೆ ಸರಿಸುವ ನಿರ್ಣಯ ನೀವೇ ಮಾಡಿದರೆ ಈ ಪತ್ರಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ನಕ್ಷೆ ಹಿಡಿದು ನಾನು ಬರುತ್ತೇನೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಜೆಸಿಬಿ ಸದ್ಯಕ್ಕೆ ಕೆರೆ ಏರಿಯ ಆಚೆ ಕೆಲಸ ಮಾಡುತ್ತಿದೆ. ಅದು ಈ ಕಡೆ ದಾಟುವ ಮೊದಲು ತಮ್ಮಿಂದ ಒಂದು ಸಾಲಿನ ಆದೇಶ ಬರಬೇಕು.

ತಮ್ಮ ವಿಶ್ವಾಸಿ,
ಚಿಂತಾಮಣಿ ತಾಲ್ಲೂಕಿನ ಒಬ್ಬ ಪರವಾನಗಿ ಭೂಮಾಪಕ